ಕಲ್ಲಿದ್ದಲಿಲ್ಲದ ನಾಡಿನ ರೈಲುಬಂಡಿ

ಐರ್ಲೆಂಡಿನಲ್ಲಿ ಮಳೆಗೆ ಬರವಿಲ್ಲ, ಹುಲ್ಲಿಗೆ ಬರವಿಲ್ಲ, ಹಾಲು ಬೆಣ್ಣೆಗಳಿಗೂ ಬರವಿಲ್ಲ. ಬರವಿದ್ದದ್ದು ಕಲ್ಲಿದ್ದಲಿಗೆ. ಅಲ್ಲಲ್ಲಿ ಒಂದಿಷ್ಟು ಸಿಕ್ಕರೂ ಅದು ಊರವರ ಒಲೆಗೆ ಸಾಕಾದರೆ ಹೆಚ್ಚು. ಆದರೆ ರೈಲು ಮಾತ್ರ ಆ ದೇಶಕ್ಕೆ ಬಹು ಬೇಗ ಬಂದಿತು. 1834ರಲ್ಲೇ ಡಬ್ಲಿನ್ನಿನಿಂದ ಕಿಂಗ್ಸ್‌ಟೌನ್ ಬಂದರಿನವರೆಗೆ ಹಳಿ ಹಾಕಿ ಬಂಡಿ ಓಡಿಸಿದರು. ಅಂದಿನಿಂದ ಆ ಬಂಡಿಗಳ ಹೊಟ್ಟೆಗೆ ಬೀಳುತ್ತಿದ್ದ ಕಲ್ಲಿದ್ದಲೆಲ್ಲ ಸಮುದ್ರದಾಚೆಯ ಬ್ರಿಟನ್ನಿನಿಂದ ಹಡಗಿನಲ್ಲಿ ಬರಬೇಕು. ಆಳುವವರೂ ಅವರೇ, ಇದ್ದಿಲು ಕೊಡುವವರೂ ಅವರೇ. ಅತ್ತೆಯ ಸೊಂಟದಲ್ಲಿ ಉಗ್ರಾಣದ ಬೀಗದ ಕೈ ಇದ್ದ ಕಾಲದ ಸೊಸೆಯರನ್ನು ನೆನೆಸಿಕೊಂಡರೆ ಆ ನಾಡಿನ ಸ್ಥಿತಿ ನಮಗೆ ಬೇಗ ಅರ್ಥವಾಗುತ್ತದೆ.

ಐರ್ಲೆಂಡ್ ನಮಗೆ ತೀರ ಅಪರಿಚಿತ ದೇಶವೇನಲ್ಲ. ಸೋದರಿ ನಿವೇದಿತಾ ಹುಟ್ಟಿದ್ದು ಅಲ್ಲಿ. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಲು ಓಡಾಡಿದ ಮಾರ್ಗರೆಟ್ ಕಸಿನ್ಸ್ ಕೂಡ ಅಲ್ಲಿಯವರೇ. ನಮ್ಮ ಹಾಗೆಯೇ ಅವರೂ ಬ್ರಿಟಿಷರೊಡನೆ ಹೋರಾಡಿದರು. ನಮಗಿಂತ 25 ವರ್ಷ ಮೊದಲು, 1922ರಲ್ಲಿ, ದೇಶದ ಹೆಚ್ಚಿನ ಭಾಗಕ್ಕೆ ಸ್ವಂತ ಸರ್ಕಾರ ದೊರಕಿತು. ಬಾವುಟ ಬದಲಾಯಿತು, ಅಂಚೆಯ ಪೆಟ್ಟಿಗೆಗಳಿಗೆ ಹಸಿರು ಬಣ್ಣ ಬಳಿದರು. ಇದ್ದಿಲಿನ ಹಡಗು ಮಾತ್ರ ಹಿಂದಿನಂತೆಯೇ ಬರುತ್ತಿತ್ತು.

ಹೊಸ ಸರ್ಕಾರ ಬಡ ಸರ್ಕಾರ. ಅಂತರ್ಯುದ್ಧದಲ್ಲಿ ಅಣ್ಣತಮ್ಮಂದಿರೇ ಗುಂಡು ಹಾರಿಸಿಕೊಂಡು ನಾಡು ನುಜ್ಜುಗುಜ್ಜಾಗಿತ್ತು. ಅಂಥ ಹೊತ್ತಿನಲ್ಲಿ ಅದು ಒಂದು ದೊಡ್ಡ ಧೈರ್ಯ ಮಾಡಿತು. ಶಾನನ್ ಆ ದೇಶದ ಅತಿ ದೊಡ್ಡ ನದಿ. ಅದರ ನೀರನ್ನು ಕಾಲುವೆಯಲ್ಲಿ ತಿರುಗಿಸಿ, ಅರ್ಡ್‌ನಕ್ರಷಾ ಎಂಬಲ್ಲಿ ಸುಮಾರು 30 ಮೀಟರ್ ಎತ್ತರದಿಂದ ಕೆಡವಿ ವಿದ್ಯುತ್ ತೆಗೆಯುವುದೆಂದು 1925ರಲ್ಲಿ ಜರ್ಮನಿಯ ಸೀಮೆನ್ಸ್ ಕಂಪನಿಗೆ ಕೆಲಸ ಒಪ್ಪಿಸಿತು. ತಗುಲಿದ ವೆಚ್ಚ 50 ಲಕ್ಷ ಪೌಂಡಿಗೂ ಮೇಲೆ, ಸರ್ಕಾರದ ಒಂದು ವರ್ಷದ ಆದಾಯದಲ್ಲಿ ಸುಮಾರು ಐದನೇ ಒಂದು ಪಾಲು. ಮನೆ ಮಾರಿ ಬಾವಿ ತೋಡಿಸುತ್ತಿದ್ದಾರೆ ಎಂದು ಆಡಿಕೊಂಡವರು ಇರದೆ ಇರುತ್ತಾರೆಯೇ? ಆದರೂ 1929ರಲ್ಲಿ ವಿದ್ಯುತ್ ಹರಿಯಿತು. ನಮ್ಮ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತ್ತು ಎಂದು ಹೆಮ್ಮೆಪಡುತ್ತೇವೆ. ಅದು ಸರಿಯೇ. ಆದರೆ ಅದು ಮೊದಲು ಬೆಳಗಿದ್ದು ಆಂಗ್ಲರ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಯನ್ನು. ಶಾನನ್ ನದಿಯ ವಿದ್ಯುತ್ತನ್ನಾದರೋ ಐರಿಷ್ ಸರ್ಕಾರ ತನ್ನದೇ ಮಂಡಲಿಯ ಕೈಗೆ ಕೊಟ್ಟು ಇಡೀ ನಾಡಿಗೆ ಹಂಚಲು ಹೊರಟಿತು.

ಹಂಚಲು ಹೊರಟಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಅಷ್ಟು ವಿದ್ಯುತ್ತನ್ನು ಕೊಳ್ಳುವವರು ಯಾರು? ಊರಿನಲ್ಲಿ ಕಾರ್ಖಾನೆಗಳು ಕಡಿಮೆ, ಹಳ್ಳಿಗಳಿಗೆ ಇನ್ನೂ ತಂತಿ ಹೋಗಿಲ್ಲ. ರಾತ್ರಿ ದೀಪ ಆರಿಸಿ ಮಲಗಿದರೆ ನದಿ ಮಾತ್ರ ಸುಮ್ಮನೆ ಧುಮುಕುತ್ತಿತ್ತು. ಈ ಹೊತ್ತಿನಲ್ಲಿ ಮುಂದೆ ಬಂದವರು ಜೇಮ್ಸ್ ಡ್ರಮ್. ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು. ಅವರು ಹೇಳಿದ್ದು ಇಷ್ಟು: ಶಾನನ್ನಿನ ವಿದ್ಯುತ್ತನ್ನು ಬ್ಯಾಟರಿಯಲ್ಲಿ ತುಂಬಿಸಿ, ಆ ಬ್ಯಾಟರಿಯನ್ನು ರೈಲಿನ ಕೆಳಗೆ ಕಟ್ಟಿ ಓಡಿಸೋಣ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಬ್ಯಾಟರಿಯಿಂದ ರೈಲು ಓಡಿಸುವ ಯೋಚನೆ ಡ್ರಮ್ ಅವರಿಗೆ ಮೊದಲು ಹೊಳೆದದ್ದಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ ರಾಬರ್ಟ್ ಡೇವಿಡ್‌ಸನ್ ಎಂಬೊಬ್ಬರಿದ್ದರು. ಅವರು ಸತು ಮತ್ತು ಕಬ್ಬಿಣದ ತಗಡುಗಳನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಇಳಿಬಿಟ್ಟು, ಹುಟ್ಟಿದ ವಿದ್ಯುತ್ತಿನಿಂದ ಒಂದು ಎಂಜಿನನ್ನು 1842ರಲ್ಲಿ ಎಡಿನ್‌ಬರೋ–ಗ್ಲಾಸ್ಗೋ ಹಳಿಯ ಮೇಲೆ ಓಡಿಸಿ ತೋರಿಸಿದರು. ಗಂಟೆಗೆ 4 ಮೈಲಿ ವೇಗ. ಸಂತೆಗೆ ಹೊರಟ ಎತ್ತಿನ ಗಾಡಿಗಿಂತ ಚೂರು ಮುಂದು ಅಷ್ಟೆ. ಹೊಗೆಯೆಂಜಿನ್ನಿನ ಕೆಲಸಗಾರರು ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಹೆದರಿ ಅದನ್ನು ಒಡೆದು ಹಾಕಿದರೆಂದು ಹೇಳುತ್ತಾರೆ. ಅವರು ಒಡೆಯದಿದ್ದರೂ ಅದು ಬಹುಕಾಲ ಬಾಳುತ್ತಿರಲಿಲ್ಲ. ಏಕೆಂದರೆ ಆ ಬ್ಯಾಟರಿ ನಮ್ಮ ಟಾರ್ಚಿನ ಶೆಲ್ಲಿನಂತೆ, ಒಮ್ಮೆ ತೀರಿದರೆ ತೀರಿತು. ಪ್ರತಿ ಮೈಲಿಗೂ ಸತು ಕರಗಬೇಕು. ಇದ್ದಿಲಿನ ಬದಲು ಸತುವನ್ನು ಸುಟ್ಟಂತೆ, ಅದರ ಬೆಲೆಯೋ ಇದ್ದಿಲಿಗಿಂತ ಎಷ್ಟೋ ಪಟ್ಟು.

ಮತ್ತೆ ಮತ್ತೆ ತುಂಬಿಸಬಹುದಾದ ಬ್ಯಾಟರಿಯನ್ನು ಕೊಟ್ಟವರು ಫ್ರಾನ್ಸಿನ ಪ್ಲಾಂಟೆ, 1859ರಲ್ಲಿ. ಸೀಸದ ತಗಡು, ಗಂಧಕಾಮ್ಲ. ಇಂದು ನಮ್ಮ ಮನೆಯ ಮೂಲೆಯಲ್ಲಿ ಇನ್‌ವರ್ಟರಿನ ಕೆಳಗೆ ಕೂತಿರುವ, ಆಗಾಗ ಡಿಸ್ಟಿಲ್ಡ್ ವಾಟರ್ ಬೇಡುವ ಆ ಭಾರದ ಪೆಟ್ಟಿಗೆ ಅದರ ವಂಶದ್ದೇ. ಅದನ್ನು ಸರಿಸಿ ಕಸ ಗುಡಿಸಿದವರಿಗೆ ಅದರ ತೂಕ ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಜರ್ಮನಿಯ ಪ್ರಷ್ಯದಲ್ಲಿ ವಿಟ್‌ಫೆಲ್ಡ್ ಎಂಬ ಎಂಜಿನಿಯರು ಇಂಥ ಸೀಸದ ಬ್ಯಾಟರಿಗಳನ್ನು ಬಂಡಿಯ ಎರಡು ತುದಿಗಳಲ್ಲಿ ಮೂತಿಯಂತೆ ಚಾಚಿದ ಪೆಟ್ಟಿಗೆಗಳಲ್ಲಿಟ್ಟು 1907ರಿಂದ ಓಡಿಸತೊಡಗಿದರು. ಅಂಥ ನೂರಕ್ಕೂ ಮೇಲ್ಪಟ್ಟ ಬಂಡಿಗಳು ಸಣ್ಣ ಊರುಗಳ ನಡುವೆ ದಶಕಗಳ ಕಾಲ ಸದ್ದಿಲ್ಲದೆ ದುಡಿದವು. ಸೀಸಕ್ಕೆ ಭಾರ ಒಂದೇ ದೋಷವಲ್ಲ. ಅದು ನಿಧಾನವಾಗಿ ಉಣ್ಣುವ ಜೀವ, ತುಂಬಿಸಲು ಗಂಟೆಗಟ್ಟಲೆ ಕಾಯಬೇಕು.

ಡ್ರಮ್ ಅವರ ಹೆಚ್ಚುಗಾರಿಕೆ ಇದ್ದದ್ದು ಇಲ್ಲೇ. ಅವರು ಸೀಸವನ್ನೂ ಆಮ್ಲವನ್ನೂ ಬಿಟ್ಟು ನಿಕ್ಕಲ್ ಮತ್ತು ಸತುವನ್ನು ಕ್ಷಾರದ ದ್ರಾವಣದಲ್ಲಿಟ್ಟರು. ಇದು ಗಬಗಬನೆ ಉಣ್ಣುತ್ತಿತ್ತು. ಬೇಕಾದಾಗ ಒಮ್ಮೆಗೇ ಜೋರಾಗಿ ಶಕ್ತಿಯನ್ನೂ ಕೊಡುತ್ತಿತ್ತು. ರೈಲಿಗೆ ಬೇಕಾದ್ದು ಅದೇ ಅಲ್ಲವೇ? ನಿಂತ ಬಂಡಿಯನ್ನು ಎಬ್ಬಿಸಿ ಓಡಿಸುವಾಗ ಬೇಕಾಗುವ ಬಲ ಓಡುತ್ತಿರುವಾಗ ಬೇಡ. 1930ರಲ್ಲಿ ಡಬ್ಲಿನ್ನಿನ ಇಂಚಿಕೋರ್ ರೈಲು ಕಾರ್ಖಾನೆಯಲ್ಲಿ ಒಂದು ಸಣ್ಣ ಬಂಡಿಗೆ ಕಟ್ಟಿ ಪರೀಕ್ಷೆ ಮಾಡಿದರು. ಸರ್ಕಾರ ಹಣ ಕೊಟ್ಟಿತು. 1932ರ ಆರಂಭದಲ್ಲಿ ಡಬ್ಲಿನ್ನಿನಿಂದ ಸಮುದ್ರತೀರದ ಬ್ರೇ ಪಟ್ಟಣದವರೆಗೆ ಪ್ರಯಾಣಿಕರನ್ನು ಹತ್ತಿಸಿಕೊಂಡು ಡ್ರಮ್ ರೈಲು ಹೊರಟಿತು. ಎರಡು ಬೋಗಿ, ಕೆಳಗೆ ಟನ್ನುಗಟ್ಟಲೆ ಬ್ಯಾಟರಿ, ಸುಮಾರು 22 ಕಿಲೋಮೀಟರ್ ದಾರಿ. ಎರಡು ತುದಿಗಳಲ್ಲೂ ವಿದ್ಯುತ್ ತುಂಬಿಸುವ ಏರ್ಪಾಟು. ನಿಲ್ಲಿಸಲು ಬ್ರೇಕು ಹಾಕಿದಾಗ ಗಾಲಿಯ ವೇಗದಿಂದಲೇ ಒಂದಿಷ್ಟು ವಿದ್ಯುತ್ ಮರಳಿ ಬ್ಯಾಟರಿಗೆ ಸೇರುತ್ತಿತ್ತು. ಸಾರಿಗೆ ಹಾಕಿ ಉಳಿದ ಬೇಳೆಯ ಕಟ್ಟನ್ನು ಚೆಲ್ಲದೆ ಎತ್ತಿಟ್ಟುಕೊಳ್ಳುವ ಗೃಹಿಣಿಯ ಜಾಣತನ. ಈಗಿನ ಹೊಸ ರೈಲುಗಳ ಜಾಹೀರಾತುಗಳಲ್ಲಿ ಈ ಗುಣವನ್ನೇ ಹೊಸ ಆವಿಷ್ಕಾರದಂತೆ ಹೊಗಳುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ಆ 1932ನೇ ಇಸವಿ ಬಹಳ ಮುಖ್ಯ. ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಹತ್ತು ವರ್ಷ ಆಳಿದ ಪಕ್ಷ ಸೋತು ಡಿ ವೆಲೆರ ಅವರ ಪಕ್ಷ ಬಂದಿತು. ಬಂದ ಕೆಲವೇ ತಿಂಗಳಲ್ಲಿ ಬ್ರಿಟನ್ನಿನೊಡನೆ ಹಣಕಾಸಿನ ಜಗಳ ಹತ್ತಿಕೊಂಡಿತು. ಐರಿಷ್ ದನಗಳ ಮೇಲೆ ಅವರು ಸುಂಕ ಹಾಕಿದರು, ಅವರ ಸಾಮಾನುಗಳ ಮೇಲೆ ಇವರು ಹಾಕಿದರು. ಕೊನೆಗೆ 1935ರಲ್ಲಿ ನಾವು ನಿಮ್ಮ ಇದ್ದಿಲು ಕೊಳ್ಳುತ್ತೇವೆ, ನೀವು ನಮ್ಮ ದನ ಕೊಳ್ಳಿ ಎಂಬ ಒಪ್ಪಂದಕ್ಕೆ ಬರಬೇಕಾಯಿತು. ರಾಜಕೀಯ ಸ್ವಾತಂತ್ರ್ಯ ಬಂದು ಹದಿಮೂರು ವರ್ಷಗಳಾದರೂ ಇದ್ದಿಲಿನ ಮುಂದೆ ತಲೆ ತಗ್ಗಿಸಬೇಕಾಯಿತೆಂಬುದನ್ನು ಗಮನಿಸಿ. ಡ್ರಮ್ ರೈಲಿನ ಬೆಲೆಯನ್ನು ಬರೀ ಲಾಭನಷ್ಟದ ಪುಸ್ತಕದಲ್ಲಿ ನೋಡುವವರಿಗೆ ಈ ಸಂಗತಿ ಕಾಣುವುದಿಲ್ಲ. ಹಾಗೆಂದು ಹೊಸ ಸರ್ಕಾರವೇನೂ ನಾಡಿನ ತುಂಬ ಬ್ಯಾಟರಿ ರೈಲು ಓಡಿಸಲಿಲ್ಲ. 1939ರ ಹೊತ್ತಿಗೆ ಇನ್ನೆರಡು ಬಂಡಿಗಳು ಸೇರಿ ಒಟ್ಟು ನಾಲ್ಕಾದವು. ಅಲ್ಲಿಗೆ ಮುಗಿಯಿತು.

ಆಮೇಲೆ ಮಹಾಯುದ್ಧ. ಐರ್ಲೆಂಡ್ ಯಾರ ಪರವೂ ಸೇರದೆ ತಟಸ್ಥವಾಗಿ ಉಳಿಯಿತು. ಆ ಕಾಲವನ್ನು ಅವರು ಯುದ್ಧವೆನ್ನದೆ ತುರ್ತುಪರಿಸ್ಥಿತಿ ಎಂದೇ ಕರೆದರು. ಬ್ರಿಟನ್ನಿಗೆ ತನಗೇ ಇದ್ದಿಲು ಸಾಲದಾಗಿ, ಐರ್ಲೆಂಡಿಗೆ ಬರುವ ಹಡಗುಗಳು ಕಡಿಮೆಯಾದವು. ಬಂದ ಇದ್ದಿಲೂ ಪುಡಿ, ಧೂಳು. ರೈಲಿನ ಬಾಯ್ಲರಿಗೆ ಜೌಗು ನೆಲದಲ್ಲಿ ಅಗೆದು ಒಣಗಿಸಿದ ಹೆಂಟೆಗಳನ್ನು ಹಾಕಿದರು. ಅದರ ಕಾವು ಸಾಲದೆ ಬಂಡಿಗಳು ನಡುದಾರಿಯಲ್ಲಿ ನಿಂತು ಒಲೆಯ ಬೂದಿ ತೋಡಿ ಮತ್ತೆ ಉರಿ ಎಬ್ಬಿಸಬೇಕಾಗುತ್ತಿತ್ತು. ಕೆಲವೇ ಗಂಟೆಗಳ ಪ್ರಯಾಣ ಹಗಲೂ ಇರುಳೂ ಹಿಡಿದದ್ದುಂಟು.

ಮನೆಯೊಳಗಿನ ಪಾಡೂ ಹಾಗೆಯೇ. ಡಬ್ಲಿನ್ನಿನಲ್ಲಿ ಅಡುಗೆಯ ಅನಿಲವನ್ನೂ ಇದ್ದಿಲಿನಿಂದಲೇ ತೆಗೆಯುತ್ತಿದ್ದರು. ಅದಕ್ಕೆ ದಿನಕ್ಕೆ ಇಷ್ಟೇ ಗಂಟೆ ಎಂದು ಕಟ್ಟು ಮಾಡಿದರು. ಆ ಹೊತ್ತು ಕಳೆದ ಮೇಲೂ ಕೊಳವೆಗಳಲ್ಲಿ ಚೂರು ಅನಿಲ ಉಳಿದಿರುತ್ತಿತ್ತು. ಗೃಹಿಣಿಯರು ಕದ್ದುಮುಚ್ಚಿ ಆ ಮಿಣುಕು ಉರಿಯಲ್ಲೇ ಮಗುವಿಗೆ ಹಾಲನ್ನೋ ಮನೆಯವರಿಗೆ ಚಹಾವನ್ನೋ ಕಾಯಿಸುತ್ತಿದ್ದರು. ಅದನ್ನು ಹಿಡಿಯಲು ಅನಿಲ ಕಂಪನಿಯವರು ತನಿಖೆಯ ಆಳುಗಳನ್ನು ನೇಮಿಸಿದರು. ಅವರು ಬಾಗಿಲು ತಟ್ಟಿ ಒಳಗೆ ನುಗ್ಗಿ ಒಲೆಯ ಮೇಲೆ ಕೈಯಿಟ್ಟು ಬಿಸಿಯಿದೆಯೇ ಎಂದು ನೋಡುತ್ತಿದ್ದರಂತೆ. ‘ಮಿಣುಕು ದೀಪದವನು’ ಎಂಬರ್ಥದ ಹೆಸರಿಟ್ಟು ಮಕ್ಕಳು ಅವನು ಬರುವುದನ್ನು ಬೀದಿಯ ತುದಿಯಿಂದಲೇ ಕೂಗಿ ತಿಳಿಸುತ್ತಿದ್ದರು. ಸೀಮೆಎಣ್ಣೆಗಾಗಿ ಸಾಲಿನಲ್ಲಿ ನಿಂತ ನಮ್ಮ ತಲೆಮಾರಿನ ಹೆಂಗಸರಿಗೆ ಆ ತಾಯಂದಿರ ಎದೆಬಡಿತ ಕೇಳಿಸದೇ ಇರದು.

ಇಂಥ ದಿನಗಳಲ್ಲಿ ಬ್ರೇ ದಾರಿಯ ನಾಲ್ಕು ಡ್ರಮ್ ಬಂಡಿಗಳು ಮಾತ್ರ ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಅವಕ್ಕೆ ಹಡಗಿನ ದಾರಿ ಕಾಯುವ ಗೋಜಿರಲಿಲ್ಲ. ಶಾನನ್ನಿನಲ್ಲಿ ನೀರು ಹರಿಯುವವರೆಗೆ ಕಚೇರಿಗೆ ಹೋಗುವವರು ಹೋದರು, ಸಂಜೆ ಮನೆಗೆ ಬಂದರು. ಒಂದು ದೇಶ ತನ್ನ ಕಾಲ ಮೇಲೆ ನಿಂತರೆ ಹೇಗಿರುತ್ತದೆಂಬುದನ್ನು ಆ ನಾಲ್ಕು ಬಂಡಿಗಳು ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟವು ಎಂದು ನನ್ನ ಎಣಿಕೆ.

ಅಷ್ಟಾದರೂ 1949ರಲ್ಲಿ ಅವನ್ನು ನಿಲ್ಲಿಸಿಬಿಟ್ಟರು. ಬ್ಯಾಟರಿಗಳ ಆಯಸ್ಸು ತೀರಿತ್ತು, ನಿಕ್ಕಲ್ ದುಬಾರಿ, ಹೊಸದು ಕೂಡಿಸಲು ಹಣವಿಲ್ಲ ಎಂದರು. ಇದ್ದಿಲು ಮತ್ತೆ ಬರತೊಡಗಿತ್ತು, ಡೀಸೆಲ್ ಎಂಜಿನ್ನುಗಳು ಕಣ್ಣು ಕುಕ್ಕುತ್ತಿದ್ದವು. ಬ್ಯಾಟರಿ ತೆಗೆದ ಬೋಗಿಗಳನ್ನು ಬೇರೆ ಎಂಜಿನ್ನಿನ ಹಿಂದೆ ಕಟ್ಟಿ ಎಳೆಸಿದರು. ಡಬ್ಲಿನ್ನಿನ ಹಾರ್ಕೋರ್ಟ್ ಬೀದಿಯಿಂದ ಬ್ರೇಗೆ ಹೋಗುತ್ತಿದ್ದ ಹಳಿಯನ್ನೂ 1958ರ ಕೊನೆಯ ದಿನ ಮುಚ್ಚಿದರು. ಆ ಜಾಡಿನ ಒಂದು ಭಾಗದಲ್ಲೇ 2004ರಲ್ಲಿ ಮತ್ತೆ ಹಳಿ ಹಾಕಿ ವಿದ್ಯುತ್ ಟ್ರಾಮ್ ಓಡಿಸಬೇಕಾಯಿತು. ಕಿತ್ತು ಹಾಕುವುದು ಎಷ್ಟು ಸುಲಭ ನೋಡಿ! ಡ್ರಮ್ 1974ರಲ್ಲಿ ತೀರಿಕೊಂಡರು.

ಐರ್ಲೆಂಡ್ ಕೈಬಿಟ್ಟದ್ದನ್ನು ಜರ್ಮನಿ ಕೈಬಿಡಲಿಲ್ಲ. ಪಶ್ಚಿಮ ಜರ್ಮನಿಯಲ್ಲಿ 1950 ಮತ್ತು 60ರ ದಶಕಗಳಲ್ಲಿ 232 ಬ್ಯಾಟರಿ ಬಂಡಿಗಳನ್ನು ಕಟ್ಟಿದರು. ಹಳೆಯ ಸೀಸದ ಬ್ಯಾಟರಿಯೇ. ಜನ ಅದನ್ನು ಪ್ರೀತಿಯಿಂದ ‘ಟಾರ್ಚ್ ಎಕ್ಸ್‌ಪ್ರೆಸ್’ ಎಂದು ಗೇಲಿ ಮಾಡುತ್ತಿದ್ದರು. ಕೊನೆಯವು 1995ರವರೆಗೆ ಓಡಿದವು. 1958ರಲ್ಲಿ ಸ್ಕಾಟ್ಲೆಂಡಿನಲ್ಲೂ ಒಂದೇ ಒಂದು ಬ್ಯಾಟರಿ ರೈಲು ಹೊರಟಿತು, ಅದೂ ಡೇವಿಡ್‌ಸನ್ನರ ಊರಾದ ಅಬರ್ಡೀನಿನಿಂದಲೇ. ಅದು ಬಹಳ ವರ್ಷ ನಡೆಯಲಿಲ್ಲ.

ಇನ್ನು ಜಲಜನಕದ ಮಾತು. ಈಚೆಗೆ ಪತ್ರಿಕೆಗಳಲ್ಲಿ ಹೈಡ್ರೋಜನ್ ರೈಲು ಎಂದು ಓದಿರುತ್ತೀರಿ. ಇದರ ಮೂಲವೂ ಹೊಸದಲ್ಲ. ಡೇವಿಡ್‌ಸನ್ನರ ಎಂಜಿನ್ ತೆವಳಿದ ಅದೇ 1842ರಲ್ಲಿ ವೇಲ್ಸಿನ ವಿಲಿಯಂ ಗ್ರೋವ್ ತಮ್ಮ ‘ಅನಿಲ ಬ್ಯಾಟರಿ’ಯನ್ನು ಪ್ರಕಟಿಸಿದರು. ಗ್ರೋವ್ ವಕೀಲರು, ಮುಂದೆ ನ್ಯಾಯಾಧೀಶರೂ ಆದರು, ವಿಜ್ಞಾನ ಅವರ ಜೊತೆಯ ವ್ಯವಸಾಯ. ನೀರಿಗೆ ವಿದ್ಯುತ್ ಹಾಯಿಸಿದರೆ ಅದು ಜಲಜನಕ, ಆಮ್ಲಜನಕ ಎಂದು ಒಡೆಯುತ್ತದೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅವೆರಡನ್ನೂ ಮತ್ತೆ ಕೂಡಿಸಿದರೆ ವಿದ್ಯುತ್ ಮರಳಿ ಬರಬೇಕಲ್ಲವೇ ಎಂದು ಗ್ರೋವ್ ಯೋಚಿಸಿದರು. ಬಂದಿತು. ಉರಿಯಿಲ್ಲ, ಹೊಗೆಯಿಲ್ಲ, ಉಳಿದದ್ದು ನೀರು. ಆದರೆ ಅದನ್ನು ಕೆಲಸಕ್ಕೆ ಬರುವಷ್ಟು ದೊಡ್ಡದಾಗಿ ಮಾಡಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1959ರಲ್ಲಿ ಇಂಗ್ಲೆಂಡಿನ ಬೇಕನ್ ಎಂಬವರು 5 ಕಿಲೋವಾಟಿನ ಯಂತ್ರ ತೋರಿಸಿದರು. ಚಂದ್ರನಲ್ಲಿಗೆ ಹೋದ ಅಪೋಲೊ ನೌಕೆಗಳಿಗೆ ವಿದ್ಯುತ್ ಕೊಟ್ಟದ್ದು ಅಂಥ ಯಂತ್ರವೇ. ಅದರಿಂದ ಹೊರಬಂದ ನೀರನ್ನು ಗಗನಯಾತ್ರಿಗಳು ಕುಡಿದರು.

ಜಲಜನಕವೆಂದರೆ ಜನಕ್ಕೆ ಒಂದು ಭಯವೂ ಇತ್ತು. 1937ರಲ್ಲಿ ಹಿಂಡನ್‌ಬರ್ಗ್ ಎಂಬ ಜರ್ಮನ್ ಆಕಾಶನೌಕೆ ಅಮೆರಿಕದಲ್ಲಿ ಇಳಿಯುವಾಗ ಹೊತ್ತಿ ಉರಿದು 36 ಜನ ಸತ್ತರು. ಆ ಚಿತ್ರ ನೋಡಿದವರು ಮರೆಯುವುದಿಲ್ಲ. ಅದೇ ಜರ್ಮನಿಯಲ್ಲಿ, 2018ರ ಸೆಪ್ಟೆಂಬರಿನಲ್ಲಿ, ಬ್ರೆಮರ್‌ಫೋರ್ಡೆ ಎಂಬ ಸಣ್ಣ ಊರಿನ ಸುತ್ತಮುತ್ತ ಜಗತ್ತಿನ ಮೊದಲ ಜಲಜನಕದ ರೈಲು ಪ್ರಯಾಣಿಕರ ಸೇವೆಗೆ ನಿಂತಿತು. ಫ್ರಾನ್ಸಿನ ಅಲ್‌ಸ್ಟಾಮ್ ಕಂಪನಿ ಮಾಡಿದ್ದು. ಸುತ್ತಲಿನ ಗಾಳಿಗಿಂತ 350 ಪಟ್ಟು ಒತ್ತಡದಲ್ಲಿ ಜಲಜನಕವನ್ನು ತುಂಬಿದ ತೊಟ್ಟಿ ಮಾಡಿನ ಮೇಲೆ. ಅಲ್ಲೇ ವಿದ್ಯುತ್ ಹುಟ್ಟಿಸುವ ಕೋಶ. ಜೊತೆಗೆ ಒಂದು ಬ್ಯಾಟರಿಯೂ ಉಂಟು, ಬ್ರೇಕಿನ ಶಕ್ತಿ ಹಿಡಿಯಲು ಮತ್ತು ಏರುವಾಗ ಕೈಕೊಡಲು. ಹೀಗೆ 1842ರ ಆ ಎರಡು ಕೂಸುಗಳು ಒಂದೇ ಬಂಡಿಯಲ್ಲಿ ಕೂಡಿಕೊಂಡವು. 2022ರಲ್ಲಿ ಆ ಊರಿನಲ್ಲಿ 14 ಬಂಡಿಗಳ ತಂಡ ಓಡತೊಡಗಿತು. ಅದೇ ವರ್ಷ ಅಂಥ ಒಂದು ಬಂಡಿ ಒಮ್ಮೆ ತುಂಬಿಸಿದ ಜಲಜನಕದಲ್ಲಿ 1175 ಕಿಲೋಮೀಟರ್ ಹೋಯಿತು.

ಸಮಾರಂಭದ ಹೂಮಾಲೆ ಬಾಡುವ ಮೊದಲೇ ಲೆಕ್ಕ ಬೇರೆಯಾಯಿತು. ಅದೇ ರಾಜ್ಯದ ರೈಲು ಸಂಸ್ಥೆ 2023ರಲ್ಲಿ, ಮುಂದೆ ಜಲಜನಕದ ಬಂಡಿ ಕೊಳ್ಳುವುದಿಲ್ಲ, ಬ್ಯಾಟರಿಯದೇ ಸಾಕು, ಖರ್ಚು ಕಡಿಮೆ ಎಂದು ತೀರ್ಮಾನಿಸಿತು. ಫ್ರಾಂಕ್‌ಫರ್ಟಿನ ಬಳಿ 27 ಜಲಜನಕ ಬಂಡಿಗಳನ್ನು ತರಿಸಿದವರು ಅವು ತಡವಾಗಿ ಬಂದು, ಬಂದ ಮೇಲೆ ಕೆಟ್ಟು ನಿಂತು, ಡೀಸೆಲ್ ಬಂಡಿಗಳನ್ನೇ ಮತ್ತೆ ಓಡಿಸಬೇಕಾಯಿತು. ಜರ್ಮನಿಯ ಇನ್ನೊಂದು ರಾಜ್ಯ, ಶ್ಲೆಸ್ವಿಗ್–ಹೋಲ್‌ಸ್ಟೈನ್, 55 ಬ್ಯಾಟರಿ ಬಂಡಿಗಳನ್ನು ಕೊಂಡು 2023ರಿಂದ ಓಡಿಸತೊಡಗಿತು.

ಇದಕ್ಕೆ ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ಹಾಲನ್ನು ಹಾಲಾಗಿಯೇ ಕುಡಿಯುವುದು ಒಂದು. ಅದಕ್ಕೆ ಹೆಪ್ಪು ಹಾಕಿ, ಮೊಸರು ಕಡೆದು, ಬೆಣ್ಣೆ ತೆಗೆದು, ಕಾಯಿಸಿ ತುಪ್ಪ ಮಾಡುವುದು ಇನ್ನೊಂದು. ತುಪ್ಪ ಕೆಡುವುದಿಲ್ಲ, ದೂರದ ಊರಿಗೂ ಒಯ್ಯಬಹುದು. ಆದರೆ ಎಷ್ಟು ಹಾಲಿಗೆ ಎಷ್ಟು ತುಪ್ಪ? ವಿದ್ಯುತ್ತಿನಿಂದ ನೀರನ್ನು ಒಡೆದು, ಜಲಜನಕವನ್ನು ಒತ್ತಿ ತುಂಬಿ, ಬಂಡಿಯಲ್ಲಿ ಮತ್ತೆ ವಿದ್ಯುತ್ ಮಾಡುವಷ್ಟರಲ್ಲಿ ಮೂಲ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಗಾಲಿಗೆ ದಕ್ಕುತ್ತದೆ. ಬ್ಯಾಟರಿಯಲ್ಲಾದರೆ ಮುಕ್ಕಾಲು ಪಾಲಿನಷ್ಟು ಉಳಿಯುತ್ತದೆ. ತಂತಿಯಿಂದ ನೇರವಾಗಿ ತೆಗೆದುಕೊಂಡರೆ ಇನ್ನೂ ಹೆಚ್ಚು. ಮೇಲಾಗಿ ಈಗ ಜಗತ್ತಿನಲ್ಲಿ ಮಾಡುವ ಜಲಜನಕದ ಬಹುಪಾಲು ನೀರಿನಿಂದ ಬಂದದ್ದೇ ಅಲ್ಲ, ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ ತೆಗೆದದ್ದು. ಬಂಡಿಯ ಬಾಲದಲ್ಲಿ ನೀರ ಹನಿ, ಕಾರ್ಖಾನೆಯ ತಲೆಯಲ್ಲಿ ಹೊಗೆ. ಬ್ಯಾಟರಿ ತಲುಪಲಾರದ ಉದ್ದನೆಯ ದಾರಿಗಳಲ್ಲಿ, ತಂತಿ ಎಳೆಯುವುದು ದುಬಾರಿಯಾದ ಕಡೆ ತುಪ್ಪಕ್ಕೆ ಬೆಲೆಯುಂಟು. ಮೂವತ್ತು ನಲವತ್ತು ಮೈಲಿ ಹೋಗಿ ಬರುವ ಪ್ಯಾಸೆಂಜರ್ ಗಾಡಿಗೆ ಅದೇಕೆ?

ನಮ್ಮ ದೇಶ ತಂತಿಯ ದಾರಿಯನ್ನೇ ಹಿಡಿಯಿತು. ಕಾರವಾರ, ಉಡುಪಿಗಳ ಮೇಲೆ ಹಾಯುವ ಕೊಂಕಣ ರೈಲ್ವೆಯ 740 ಕಿಲೋಮೀಟರಿಗೂ 2022ರಲ್ಲಿ ತಂತಿ ಬಂದಾಯಿತು. ದೇಶದ ಅಗಲ ಹಳಿಗಳಲ್ಲಿ ತಂತಿಯಿಲ್ಲದ್ದು ಈಗ ಅತ್ಯಲ್ಪ. ಆದರೂ ಹರಿಯಾಣದ ಜಿಂದ್–ಸೋನಿಪತ್ ನಡುವೆ ಓಡಿಸಲೆಂದು ಒಂದು ಜಲಜನಕದ ರೈಲನ್ನು ಚೆನ್ನೈನ ಕೋಚ್ ಕಾರ್ಖಾನೆಯಲ್ಲಿ ಸಿದ್ಧಪಡಿಸಿ 2025ರಲ್ಲಿ ಪರೀಕ್ಷಿಸಿದರು. ಬೆಟ್ಟದ ಪರಂಪರೆಯ ಹಾದಿಗಳಿಗಾಗಿ ಒಟ್ಟು 35 ಜಲಜನಕದ ಬಂಡಿಗಳ ಯೋಜನೆ, ಬಂಡಿಯೊಂದಕ್ಕೆ 80 ಕೋಟಿ ರೂಪಾಯಿ ಅಂದಾಜು. ಕಲಿಯಲೆಂದು ಒಂದೆರಡು ಮಾಡಿ ನೋಡುವುದಕ್ಕೆ ನನ್ನ ತಕರಾರಿಲ್ಲ. ಮೂವತ್ತೈದಕ್ಕೆ ಇದೆ.

ಡಬ್ಲಿನ್ನಿನ ಸುತ್ತ 1984ರಲ್ಲಿ ಕೊನೆಗೂ ತಂತಿಯ ರೈಲು ಬಂದಿತು, ಬ್ರೇ ದಾರಿಗೂ ಬಂದಿತು. ಉತ್ತರಕ್ಕೆ ಅದು ಮಾಲಹೈಡ್ ಎಂಬಲ್ಲಿಗೆ ನಿಂತಿದೆ. ಅದರಾಚೆ ಡ್ರಾಹಡ ಎಂಬ ಪಟ್ಟಣವಿದೆ, ಡಬ್ಲಿನ್ನಿನಿಂದ ಸುಮಾರು 50 ಕಿಲೋಮೀಟರ್. ಅಲ್ಲಿಯವರೆಗೆ ತಂತಿ ಎಳೆಯುವುದನ್ನು ಕಾಯುತ್ತ ಕೂರದೆ, 2021ರಲ್ಲಿ ಐರಿಷ್ ರೈಲ್ವೆಯವರು ಅಲ್‌ಸ್ಟಾಮ್ ಕಂಪನಿಗೆ ಹೊಸ ಬಂಡಿಗಳನ್ನು ಮಾಡಿಕೊಡಲು ಹೇಳಿದರು. ತಂತಿ ಇರುವಷ್ಟು ದೂರ ತಂತಿಯಿಂದ, ಅದು ಮುಗಿದ ಮೇಲೆ ಬ್ಯಾಟರಿಯಿಂದ ಓಡುವಂಥವು. ಡ್ರಾಹಡದ ನಿಲ್ದಾಣದಲ್ಲಿ ನಿಂತು ಮತ್ತೆ ವಿದ್ಯುತ್ ತುಂಬಿಸಿಕೊಂಡು ಹಿಂದಿರುಗಬೇಕೆಂಬುದು ಏರ್ಪಾಟು, ಡ್ರಮ್ ಅವರ ಬಂಡಿಗಳು 1932ರಲ್ಲಿ ಬ್ರೇ ನಿಲ್ದಾಣದಲ್ಲಿ ಮಾಡುತ್ತಿದ್ದ ಹಾಗೆಯೇ.